ಮೊಣಕಾಲು ವಿಚಾರಿಸಿದ ಫೋನು

ನಾನು ಒಂದು ತಂತಿ ಫೋನು. ಹುಟ್ಟುವಾಗ ಕಡುಗೆಂಪು ಬಣ್ಣ. ಈಗ ಹಳೇ ಇಟ್ಟಂಗಿಯ ಬಣ್ಣ ಅಂದರೂ ನಡೆದೀತು. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ, ಉದ್ದನೆಯ ಮೇಜಿನ ಮುಂದೆ ಸಾಲಾಗಿ ಕುಳಿತ ಹೆಣ್ಣುಮಕ್ಕಳ ಕೈಯಲ್ಲಿ ಹುಟ್ಟಿದೆ. ಕೊನೆಯ ತಿರುಪು ಬಿಗಿದವಳು ನನ್ನನ್ನು ಕಿವಿಗಿಟ್ಟುಕೊಂಡು, "ಹಲೋ, ಊಟ ಆಯ್ತಾ?" ಎಂದು ಪಕ್ಕದವಳನ್ನು ಕೇಳಿ ನಕ್ಕಳು. ನಾನು ಕೇಳಿದ ಮೊದಲ ಮಾತು ಅದೇ. ಓದು ಬರಹ ನನಗೆ ಬಾರದು. ಒಂದರಿಂದ ಒಂಬತ್ತು, ಕೊನೆಗೊಂದು ಸೊನ್ನೆ, ಇಷ್ಟೇ ನನ್ನ ವಿದ್ಯೆ. ಆದರೆ ಕೇಳಿದ್ದನ್ನು ಮರೆಯುವ ಜಾತಿಯಲ್ಲ ನಮ್ಮದು.

ಅಲ್ಲಿಂದ ಗುಳೇದಗುಡ್ಡಕ್ಕೆ ಬಂದೆ. ಹುಸೇನಸಾಬ ಎಂಬವರ ಎಸ್‌ಟಿಡಿ ಬೂತು ನನ್ನ ಮೊದಲ ಮನೆ. ಅವರಿಗೆ ಕಾಲು ಸ್ವಾಧೀನವಿರಲಿಲ್ಲ, ಕೈ ಮಾತ್ರ ಬಲು ಮೆದು. ದಿನಾ ಬೆಳಿಗ್ಗೆ ಒಂದು ಖಣದ ಚೂರಿನಿಂದ ನನ್ನ ಮೈ ಒರೆಸುತ್ತಿದ್ದರು. ಖಣ ಅಂದರೆ ಈ ಊರಿನ ಮಗ್ಗಗಳಲ್ಲಿ ನೇಯುವ ಕುಪ್ಪಸದ ಬಟ್ಟೆ. ಗಾಜಿನ ಪೆಟ್ಟಿಗೆಯೊಳಗೆ ಬಂದವರು, ಊರು ಎಷ್ಟು ದೂರವೋ ಅಷ್ಟು ಜೋರಾಗಿ ಕಿರುಚುತ್ತಿದ್ದರು. ಬಾಗಲಕೋಟೆಗೆ ಮೆಲ್ಲಗೆ, ಮುಂಬೈಗೆ ಗಂಟಲು ಹರಿಯುವಂತೆ. ಯಾರಿಗೂ ಬೇಡ ಅನ್ನುತ್ತಿರಲಿಲ್ಲ ನಾನು.

ಆಮೇಲೆ ಎಲ್ಲರ ಜೇಬಿಗೂ ಮೊಬೈಲು ಬಂತು. ಬೂತು ಮುಚ್ಚಿತು. ಪಕ್ಕದ ಖಣದ ವ್ಯಾಪಾರಿ ಚಂದ್ರಾಮಪ್ಪನವರ ಅಂಗಡಿಯ ಫೋನು ಅದೇ ಸುಮಾರಿಗೆ ಸಿಡಿಲು ಬಡಿದು ಸತ್ತಿತ್ತು. ಹುಸೇನಸಾಬರು ತಮ್ಮ ಮೂರುಗಾಲಿ ಸೈಕಲ್ಲಿನಲ್ಲಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಹೋದರು. "ಮಾರಾಕ ಮನಸ್ಸಿಲ್ಲರಿ ಸಾವ್ಕಾರ್ರ. ಇಟ್ಕೋರಿ, ಬಾಯಿ ಮಾತ್ರ ಬಂದ್ ಮಾಡಬ್ಯಾಡ್ರಿ ಅದರದು" ಎಂದರು.

ಚಂದ್ರಾಮಪ್ಪನವರು ಸೊಲ್ಲಾಪುರದ ನೂಲಿನ ವ್ಯಾಪಾರಿ ಅಂಬಾಸಾ ಅವರಿಂದ ನೂಲು ತರಿಸಿ ನೇಕಾರರಿಗೆ ಕೊಡುತ್ತಿದ್ದರು, ನೇಯ್ದ ಖಣ ತೆಗೆದುಕೊಂಡು ಮಾರುತ್ತಿದ್ದರು. ಅಪ್ಪಂದಿರ ಕಾಲದಿಂದ ಬಂದ ವ್ಯವಹಾರ. ಒಮ್ಮೆ ಆಡಿದ ಮಾತನ್ನು "ಖರೇನ ಏನು?" ಎಂದು ಮತ್ತೆ ಕೇಳಿದರೆ ಆ ಪೇಟೆಯಲ್ಲಿ ಮುಖಕ್ಕೆ ಹೊಡೆದಂತೆ. ಬರಬರುತ್ತ ವ್ಯವಹಾರವೆಲ್ಲ ಸೊಸೆ ಕಸ್ತೂರಿಯ ಕಂಪ್ಯೂಟರಿಗೂ ಮೊಬೈಲಿಗೂ ಹೋಯಿತು. ನಾನು ಮೂಲೆಯ ಸ್ಟೂಲಿನ ಮೇಲೆ ಧೂಳು ಹೊದ್ದು ಕುಳಿತೆ. ಮುಂದಿನ ತಿಂಗಳು ನನ್ನ ತಂತಿ ತೆಗೆಸುವ ಮಾತೂ ಆಗಿತ್ತು.

ಆಗ ಬಂದರು ಅವರು. ಪೊಲೀಸ್ ಇಲಾಖೆಯ ಸರೋಜಾ ಮೇಡಂ, ಬ್ಯಾಂಕಿನ ಮ್ಯಾನೇಜರು, ಕಂಪ್ಯೂಟರ್ ಕಾವಲಿನ ಕಂಪನಿಯೊಂದರ ಹುಡುಗಿ ನಿಖತ್, ಹಿಂದೆ ಚಹಾದ ಕಿಟ್ಲಿ ಹಿಡಿದ ವ್ಯಾಪಾರಿ ಸಂಘದ ಕಾರ್ಯದರ್ಶಿ. ಸಣ್ಣ ಅಂಗಡಿಗಳನ್ನು ಆನ್‌ಲೈನ್ ಕಳ್ಳರಿಂದ ಕಾಯಲು ಎಲ್ಲರೂ ಕೂಡಿ ಮಾಡಿದ ಯೋಜನೆಯಂತೆ. ಖಾಕಿಯೂ ಕಂಪನಿಯೂ ಒಂದೇ ಬೆಂಚಿನ ಮೇಲೆ ಕುಳಿತು ಚಹಾ ಕುಡಿದದ್ದನ್ನು ನಾನು ಅಂದೇ ಮೊದಲು ಕಂಡೆ.

ನಿಖತ್ ಕಂಪ್ಯೂಟರಿನ ಪಾಸ್‌ವರ್ಡ್ ಕೇಳಿದಳು. ಚಂದ್ರಾಮಪ್ಪನವರು ಬೀದಿಗೆ ಕೇಳುವಂತೆ ಕೂಗಿ ಹೇಳಿದರು. ಅವಳು ತಲೆ ಮೇಲೆ ಕೈ ಹೊತ್ತು, ಎಲ್ಲ ಬದಲಿಸಿ, ಕಸ್ತೂರಿಗೆ ಕಲಿಸಿದಳು. ಹೊರಡುವಾಗ ನನ್ನನ್ನು ಕಂಡು ಎತ್ತಿ ಕಿವಿಗಿಟ್ಟಳು. ನಾನು ಗುಂಯ್ ಅಂದೆ.

"ಅಯ್ಯ, ಜೀವಂತ ಐತಲ್ಲ! ಇದನ್ನ ತೆಗಸಬ್ಯಾಡ್ರಿ ಅಜ್ಜಾರ. ಖಾತೆ ಬದಲಾಗೇತಿ ಅಂತ ಯಾರರ ಸುದ್ದಿ ಕಳಿಸಿದ್ರ, ರೊಕ್ಕ ಹಾಕೂಕಿಂತ ಮೊದಲ ನಿಮಗ ಗೊತ್ತಿದ್ದ ಹಳೇ ನಂಬರಿಗೆ ಫೋನ್ ಹಚ್ಚಿ ಕೇಳ್ರಿ."

"ಅಂಬಾಸಾಗ ನಾ 'ಖರೇನ ನೀನ ಏನಪಾ' ಅಂತ ಕೇಳ್ಬೇಕ? ಆಂವ ಚಪ್ಲಿ ತಗೊಂಡ ಬರ್ತಾನವ್ವಾ!"

ಸರೋಜಾ ಮೇಡಂ ನನ್ನ ಮೈಗೆ ಸೈಬರ್ ದೂರಿನ ನಂಬರಿನ ಚೀಟಿ ಅಂಟಿಸುತ್ತ ನಕ್ಕರು. "ಅನುಮಾನ ಅಂತ ಕೇಳಬ್ಯಾಡ್ರಿ. ಆರಾಮ ಅದೀರೇನು ಅಂತ ಕೇಳ್ರಿ. ಉಳದದ್ದು ಮಾತಿನಾಗ ತಾನ ಬರ್ತದ."

ನಾಗರಪಂಚಮಿ ಹತ್ತಿರ ಬಂತು. ಹೆಣ್ಣುಮಕ್ಕಳು ತವರಿಗೆ ಬರುವ ಕಾಲ, ಖಣಕ್ಕೆ ಭಾರಿ ಬೇಡಿಕೆ. ಆ ಹಂಗಾಮಿನ ದುಡಿಮೆಯಲ್ಲೇ ನೇಕಾರರ ಮನೆಗಳು ವರ್ಷ ದೂಡುತ್ತವೆ. ನೂಲಿಗೆ ಮುಂಗಡ ಕಳಿಸಬೇಕಾದ ದಿನವೇ ಅಂಬಾಸಾ ಹೆಸರಿನಲ್ಲಿ ಮೇಲ್ ಬಂತು; ಕಸ್ತೂರಿ ಓದಿ ಹೇಳಿದಳು. ಹಳೆಯ ಖಾತೆ ಬಂದ್ ಆಗಿದೆ, ಹೊಸ ಖಾತೆಗೆ ಮಧ್ಯಾಹ್ನದೊಳಗೆ ಹಾಕಿ, ಇಲ್ಲವಾದರೆ ನೂಲು ಬೇರೆಯವರ ಪಾಲು. ಕೆಳಗೆ ಚಂದ್ರಾಮಪ್ಪನವರ ಆರೋಗ್ಯವನ್ನೂ ವಿಚಾರಿಸಿತ್ತು.

"ಲಗೂನ ಹಾಕವ್ವಾ, ನೂಲು ಹೋದ್ರ ಮಗ್ಗ ನಿಲ್ತಾವ" ಎಂದರು ಚಂದ್ರಾಮಪ್ಪನವರು.

"ರೊಕ್ಕ ಹೋದ್ರೂ ನಿಲ್ತಾವರಿ ಮಾವಾರ. ಒಮ್ಮೆ ಫೋನ್ ಹಚ್ಚೂಣು."

"ಯಾವ ಮುಖ ಇಟ್ಕೊಂಡ ಕೇಳ್ಲಿ?"

ಕಸ್ತೂರಿ ನನ್ನನ್ನು ಹತ್ತಿರಕ್ಕೆಳೆದುಕೊಂಡಳು. "ಖಾತೆ ಸುದ್ದಿ ಬ್ಯಾಡ್ರಿ. ಅವರ ಮನಿಯವ್ರಿಗೆ ಮೊಣಕಾಲು ನೋವು ಅಂತಿದ್ರಲ್ಲ, ಈಗ ಹೆಂಗೈತಿ ಕೇಳ್ರಿ, ಸಾಕು" ಎಂದು ನನ್ನ ಗುಂಡಿಗಳನ್ನು ಒತ್ತಿ, ಮಾವನ ಕೈಗೆ ಕೊಟ್ಟಳು.

ಆಚೆಯಿಂದ ಅಂಬಾಸಾ ಗುಡುಗಿದರು. "ಏನಲೇ ಜಿಪುಣ, ನಿನ್ನ ರೊಕ್ಕದಾಗ ಫೋನ್ ಹಚ್ಚೀಯಲ್ಲ, ಇವತ್ತ ಮಳಿ ಬರೂದು ಖರೇನ!"

"ವೈನಿಯವ್ರ ಮೊಣಕಾಲು ಹೆಂಗೈತಿ ಅಂತ ಕೇಳಾಕ ಹಚ್ಚಿದ್ನೋ ಮಾರಾಯ."

"ಅಕಿ ಮೊಣಕಾಲು ನೂಸ್ತದ, ಬಾಯಿ ಗಟ್ಟಿ ಅದ. ನಿನ್ನ ನೂಲು ಕಟ್ಟಿಸೇನಿ, ನಾಳೆ ಲಾರಿಗೆ ಹಾಕ್ತೇನಿ."

"ಹಾಕು ಹಾಕು. ನಾನೂ ಈಗ ನಿನ್ನ ಹೊಸಾ ಖಾತೆಗೆ ಹಾಕ್ತೇನಿ."

"ಯಾವ ಹೊಸಾ ಖಾತೆ? ನಾ ಹೆಂಡ್ತೀನ ಬದಲಿ ಮಾಡಿಲ್ಲ, ಖಾತೆ ಮಾಡ್ತೇನೇನಲೇ?"

"ಮಾಡಿ ನೋಡ್ರಿ!" ಎಂದು ಹಿಂದಿನಿಂದ ಹೆಣ್ಣುದನಿ ಬಂತು.

ಚಂದ್ರಾಮಪ್ಪನವರು ನಗಲಿಲ್ಲ. ಮೇಲ್ ಬಂದದ್ದನ್ನು ಅಂಬಾಸಾ ಅವರಿಗೆ ಹೇಳಿದರು. ಅಂಬಾಸಾ ಅವರ ಮೇಲ್‌ಗೆ ಕಳ್ಳರು ಹೊಕ್ಕು, ಹಳೆಯ ಮಾತುಕತೆಯನ್ನೆಲ್ಲ ಓದಿ, ಅವರಂತೆಯೇ ಬರೆದಿದ್ದರು. ಅದೇ ಸುದ್ದಿ ಪಕ್ಕದ ಅಂಗಡಿಯ ಗುರುಪಾದಪ್ಪನವರಿಗೂ ಬಂದಿತ್ತು. ಅವರು ಆಗಲೇ ಹಣ ಹಾಕಿಬಿಟ್ಟಿದ್ದರು. ಕಸ್ತೂರಿ ಓಡಿಹೋಗಿ ಅವರನ್ನು ಕರೆತಂದಳು. ನನ್ನ ಮೈಮೇಲಿನ ಚೀಟಿ ನೋಡಿ ಒತ್ತಿದಳು: ಒಂದು, ಒಂಬತ್ತು, ಮೂರು, ಸೊನ್ನೆ. ಗುರುಪಾದಪ್ಪನವರ ಮಾತು ತೊದಲುತ್ತಿತ್ತು. ಅದನ್ನು ಒಂದು ಅಕ್ಷರವೂ ಬೀಳದಂತೆ ಆಚೆ ದಾಟಿಸಿದೆ. ದೂರು ಹೋಯಿತು, ಬ್ಯಾಂಕಿನವರು ಹಣವನ್ನು ದಾರಿಯಲ್ಲೇ ತಡೆದರು. ತಿಂಗಳುಗಟ್ಟಲೆ ಅಲೆದಾಟದ ಮೇಲೆ ಬಹುಪಾಲು ತಿರುಗಿ ಬಂತು. ನಿಖತ್ ಸೊಲ್ಲಾಪುರದವರಿಗೂ ಫೋನಿನಲ್ಲೇ ಹೇಳಿಕೊಟ್ಟು, ಅವರ ಮೇಲ್‌ಗೆ ಹೊಸ ಬೀಗ ಹಾಕಿಸಿದಳು. ಆ ಪಂಚಮಿಗೆ ನಮ್ಮ ಓಣಿಯ ಮಗ್ಗಗಳ ಸದ್ದು ನಿಲ್ಲಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಐದರ ಗುಂಡಿ ಎರಡು ಸಲ ಒತ್ತಿದರೆ ಒಮ್ಮೆ ಕೇಳಿಸುತ್ತದೆ. ಮೂಲೆ ಅದೇ, ಆದರೆ ಧೂಳಿಲ್ಲ; ಕಸ್ತೂರಿ ದಿನಾ ಖಣದ ಚೂರಿನಿಂದ ಒರೆಸುತ್ತಾಳೆ. ಹುಸೇನಸಾಬರು ಹೇಳಿಕೊಟ್ಟರೋ, ತಾನೇ ಕಂಡುಕೊಂಡಳೋ, ತಿಳಿಯದು. ಪೇಟೆಯಲ್ಲಿ ಈಗ ದೊಡ್ಡ ಹಣ ಕಳಿಸುವ ಮೊದಲು, "ಮೊಣಕಾಲು ಕೇಳಿದಿಯೇನು?" ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಯಾರಿಗೂ ಸಿಟ್ಟು ಬರುವುದಿಲ್ಲ.

ಖಾಕಿಯವರಿಗೆ, ಬ್ಯಾಂಕಿನವರಿಗೆ, ಆ ಹುಡುಗಿಗೆ, ಚಹಾ ತಂದವರಿಗೆ ನಾನು ಋಣಿ. ಹೇಳೋಣವೆಂದರೆ ನನಗಿರುವುದು ಒಂದೇ ಸ್ವರ. ನಿನ್ನೆ ಚಂದ್ರಾಮಪ್ಪನವರು ಕೆಲಸವಿಲ್ಲದೆಯೇ ಸೊಲ್ಲಾಪುರಕ್ಕೆ ಹಚ್ಚಿದರು. ಈ ಸಲ ಎತ್ತಿದ್ದು ವೈನಿಯವರೇ.

"ಈಗ ಎರಡೂ ಮೊಣಕಾಲು ನೂಸ್ತಾವರಿ. ರೊಕ್ಕ ಹಾಕೂದೇನರ ಐತೇನು?"

"ಇಲ್ಲ ವೈನಿ. ಬರೇ ಮೊಣಕಾಲು ಕೇಳಾಕ ಹಚ್ಚಿದ್ನಿ."