ಅತಿಥಿಯ ಚೆಂಡು

ಟೆನಿಸ್ ಸಭ್ಯರ ಆಟ ಎಂದು ಹೇಳುವವರೆಲ್ಲ ಗ್ಯಾಲರಿಯಲ್ಲಿ ಕೂತವರು. ನನ್ನ ಹಾಗೆ ಹತ್ತೊಂಬತ್ತು ವರ್ಷ ಗೆರೆಯ ತುದಿಯಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತವರು ಯಾರೂ ಆ ಮಾತು ಹೇಳುವುದಿಲ್ಲ. ಆಟಗಾರರ ಬಾಯಿಂದ ಏನೇನು ಉದುರುತ್ತದೆ ಎಂಬುದು ಮೊದಲು ಕೇಳಿಸುವುದೇ ನಮಗೆ. ಕೇಳಿಸಿದ್ದನ್ನು ಎತ್ತರದ ಕುರ್ಚಿಯಲ್ಲಿ ಕೂತ ಮುಖ್ಯ ಅಂಪೈರಿಗೆ ಹೋಗಿ ಹೇಳಬೇಕೆಂಬುದು ನಿಯಮ. ಯಾರದ್ದು ಕೇಳಿಸಬೇಕು, ಯಾರದ್ದು ಕೇಳಿಸಬಾರದು ಎಂಬುದು ಮಾತ್ರ ಪುಸ್ತಕದಲ್ಲಿಲ್ಲ. ಅದು ಅನುಭವದಿಂದ ಬರಬೇಕಾದ ವಿದ್ಯೆ, ನನಗೆ ಚೆನ್ನಾಗಿಯೇ ಬಂದಿತ್ತು.

ನನ್ನ ಹೆಸರು ಕುಲಾಶ್. ಕಜಕಸ್ತಾನದ ಶಿಮ್ಕೆಂತಿನ ಒಂದು ಶಾಲೆಯಲ್ಲಿ ವ್ಯಾಯಾಮದ ಶಿಕ್ಷಕಿ. ವರ್ಷಕ್ಕೊಂದು ಸಲ ನಮ್ಮೂರಿನ ಕೆಂಪುಮಣ್ಣಿನ ಅಂಗಳಕ್ಕೆ ಹೊರದೇಶದ ಆಟಗಾರರು ಬರುತ್ತಾರೆ. ಆಗ ಒಂದು ವಾರ ರಜೆ ಹಾಕಿ, ನೀಲಿ ಟೋಪಿ ಇಟ್ಟುಕೊಂಡು ಲೈನ್ ಅಂಪೈರ್ ಆಗುತ್ತೇನೆ. ಮುಂದಿನ ವರ್ಷದಿಂದ ಗೆರೆ ನೋಡಲು ಯಂತ್ರ ತರುತ್ತಾರಂತೆ. ತರಲಿ ಬಿಡಿ. ಯಂತ್ರಕ್ಕೆ ದಾಕ್ಷಿಣ್ಯವೆಂಬ ರೋಗವಾದರೂ ಇರುವುದಿಲ್ಲ.

ಈ ಸಲ ಬಂದವನು ರೂಬೆನ್ ಹಾಲ್ಸ್ಟ್. ಒಂದು ಕಾಲದಲ್ಲಿ ಜಗತ್ತಿನ ಹದಿನಾಲ್ಕನೆಯ ಆಟಗಾರ. ಮಂಡಿ ಕೆಡಿಸಿಕೊಂಡು ಕೆಳಗೆ ಜಾರಿ, ಮತ್ತೆ ಮೇಲೇರಲು ನಮ್ಮಂಥ ಸಣ್ಣ ಟೂರ್ನಿಗಳಿಗೆ ದಯಮಾಡಿಸುತ್ತಿದ್ದ. ಊರಿನ ಪ್ರತಿ ಬಸ್ ನಿಲ್ದಾಣದಲ್ಲೂ ಅವನ ಮುಖ. ವಿಮಾನ ನಿಲ್ದಾಣದಲ್ಲಿ ಅವನ ಹೆಗಲಿಗೆ ಜರಿಯ ಚಪಾನ್ ನಿಲುವಂಗಿ ಹೊದಿಸಿದರು. ಮೊದಲ ದಿನದ ಊಟದಲ್ಲಿ ಗೌರವದ ಅತಿಥಿಗೇ ಸಲ್ಲುವ ಬೇಯಿಸಿದ ಕುರಿಯ ತಲೆಯನ್ನು ತಟ್ಟೆಯ ಸಮೇತ ಅವನ ಮುಂದೆಯೇ ಇಟ್ಟರು. ಪಾಪ, ಆ ಮನುಷ್ಯ ಬೆಚ್ಚಿಬಿದ್ದು ಕುರ್ಚಿಯನ್ನೇ ಹಿಂದಕ್ಕೆ ಎಳೆದುಕೊಂಡ. ನಾವೆಲ್ಲ ನಕ್ಕೆವು, ಅತಿಥಿ ಏನು ಮಾಡಿದರೂ ಚೆಂದವೇ. ಅಂದಿನಿಂದ ಅವನು ನಮ್ಮ ಪಾಲಿಗೆ ಆಟಗಾರನಲ್ಲ, ಅತಿಥಿ. ಅಂಗಳದೊಳಗೆ ಇಬ್ಬರೂ ಸಮಾನರು ಎಂದು ಪುಸ್ತಕ ಬರೆದವರು ಕಜಕ್ ಮನೆಗಳಲ್ಲಿ ಊಟ ಮಾಡಿದವರಲ್ಲ.

ಸೆಮಿಫೈನಲ್ಲಿನಲ್ಲಿ ಅವನೆದುರು ನಿಂತವನು ನಮ್ಮ ಮೆರ್ಗೆನ್. ಇಪ್ಪತ್ತೆರಡು ವರ್ಷ. ನಮ್ಮ ಶಾಲೆಯಲ್ಲೇ ಓದಿದವನು. ಓಟದಲ್ಲಿ ಎಲ್ಲರಿಗಿಂತ ಮುಂದೆ, ಸಾಲಿನಲ್ಲಿ ನಿಲ್ಲು ಎಂದರೆ ಎಲ್ಲರಿಗಿಂತ ಹಿಂದೆ. ಎರಡು ವರ್ಷದಿಂದ ಕೋಚ್ ಇಲ್ಲದೆ, ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ತಾಷ್ಕೆಂತು, ಬಿಷ್ಕೆಕ್ ಎಂದು ಅಲೆಯುತ್ತಿದ್ದ. ಈ ಒಂದು ಪಂದ್ಯ ಗೆದ್ದರೆ ಪ್ಯಾರಿಸ್ಸಿನ ದೊಡ್ಡ ಟೂರ್ನಿಯ ಅರ್ಹತಾ ಸುತ್ತಿಗೆ ಅವನ ಹೆಸರು ಹೋಗುತ್ತಿತ್ತು. ಸೋಮವಾರ ಪಟ್ಟಿ ಮುಚ್ಚುತ್ತದೆ. ಸೋತರೆ ಇನ್ನೊಂದು ವರ್ಷ ಮತ್ತದೇ ಬಸ್ಸು. ಇದು ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು.

ಮುಖ್ಯ ಅಂಪೈರ್ ತಾಷ್ಕೆಂತಿನ ಓತಾಬೆಕ್. ಒಳ್ಳೆಯ ಹುಡುಗ, ಕಣ್ಣು ಚುರುಕು. ಎಷ್ಟು ಚುರುಕೆಂದರೆ ಯಾವಾಗ ಮುಚ್ಚಬೇಕೆಂದೂ ಅದಕ್ಕೆ ಗೊತ್ತು.

ಮೊದಲ ಸೆಟ್ಟನ್ನು ಮೆರ್ಗೆನ್ ಆರು-ನಾಲ್ಕರಲ್ಲಿ ಗೆದ್ದ. ಹಾಲ್ಸ್ಟ್ ರ‍್ಯಾಕೆಟ್ಟನ್ನು ನೆಲಕ್ಕೆ ಅಪ್ಪಳಿಸಿ ಮುರಿದ. ಓತಾಬೆಕ್ ನೀರು ಕುಡಿಯುತ್ತಿದ್ದ. ಎರಡನೆಯ ಸೆಟ್ಟಿನಲ್ಲಿ ಹಾಲ್ಸ್ಟ್ ಇನ್ನೊಂದನ್ನು ತನ್ನ ಬೂಟಿಗೆ ಬಡಿದು ಮುರಿದ. ಅದು ಮೊದಲೇ ಬಿರುಕು ಬಿಟ್ಟಿತ್ತು ಎಂದು ಓತಾಬೆಕ್ಕನಿಗೆ ಅಷ್ಟು ಎತ್ತರದಿಂದಲೇ ಕಂಡಿತಂತೆ. ಗ್ಯಾಲರಿಯವರು ಚಪ್ಪಾಳೆ ತಟ್ಟಿದರು. ನೋಡಿ, ಎಂಥ ಆವೇಶ, ಗೆಲ್ಲಬೇಕೆಂಬ ಹಸಿವು ಎಂದರೆ ಇದು ಎಂದು ಟಿವಿಯವನು ಮೈಕಿನಲ್ಲಿ ಹೇಳುತ್ತಿದ್ದುದು ನನಗೂ ಕೇಳಿಸಿತು. ಅದಾದ ಎರಡೇ ನಿಮಿಷಕ್ಕೆ ಮೆರ್ಗೆನ್ ಒಂದು ಸುಲಭದ ಚೆಂಡನ್ನು ಬಲೆಗೆ ಹೊಡೆದು, ಬೇಜಾರಾಗಿ ರ‍್ಯಾಕೆಟ್ಟನ್ನು ತನ್ನದೇ ಬ್ಯಾಗಿನ ಮೇಲೆ ಎಸೆದ. ಮೆತ್ತಗೆ ಬಿತ್ತು, ಒಂದು ತಂತಿಯೂ ಹರಿಯಲಿಲ್ಲ. ಓತಾಬೆಕ್ ಮೈಕು ಸರಿಮಾಡಿಕೊಂಡು ಗಂಭೀರವಾಗಿ ಘೋಷಿಸಿದ, ಅಶಿಸ್ತು, ಮೊದಲ ಎಚ್ಚರಿಕೆ. ಈ ಸಲ ಆವೇಶ ಯಾರ ಕಣ್ಣಿಗೂ ಬೀಳಲಿಲ್ಲ. ತಲೆ ತಿರುಗಿದೆ ಇವನಿಗೆ ಎಂದರು, ನಾಲ್ಕು ಪಂದ್ಯ ಗೆಲ್ಲುವಷ್ಟರಲ್ಲಿ ಕೊಂಬು ಬಂತು ಎಂದರು.

ಇಷ್ಟು ಹೊತ್ತು ಓತಾಬೆಕ್ಕನನ್ನೇ ಆಡಿಕೊಂಡೆ. ನನ್ನದೂ ಒಂದಿಷ್ಟು ಹೇಳಿಬಿಡುತ್ತೇನೆ.

ಮೊದಲ ಸೆಟ್ಟಿನಲ್ಲೇ ಹಾಲ್ಸ್ಟ್ ಹೊಡೆದ ಒಂದು ಚೆಂಡು ಗೆರೆಯ ಆಚೆ ಬಿತ್ತೆಂದು ನಾನು ಕೈ ಚಾಚಿದೆ. ಅವನು ನನ್ನ ಹತ್ತಿರ ಬಂದು ಕಣ್ಣಲ್ಲಿ ಕಣ್ಣಿಟ್ಟು ಇಂಗ್ಲಿಷಿನಲ್ಲಿ ಕುರುಡಿ ಎಂದ, ಅದರ ಹಿಂದೆಯೇ ಇನ್ನೊಂದು ಮಾತು ಸೇರಿಸಿದ. ಆ ಇನ್ನೊಂದನ್ನು ನಾನಿಲ್ಲಿ ಬರೆಯಲಾರೆ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಅಂಪೈರುಗಳಿಗೆ ಮೊದಲು ಕಲಿಸುವುದೇ ಹಲವು ಭಾಷೆಗಳ ಬೈಗುಳ. ಅದು ತರಬೇತಿಯ ಮೊದಲ ಪಾಠ. ಹಾಗಾಗಿ ಅಕ್ಷರ ಅಕ್ಷರವೂ ಅರ್ಥವಾಯಿತು. ನಾನು ಜಾಣಕಿವುಡಿಯಾದೆ. ದೂರದಿಂದ ಬಂದಿದ್ದಾನೆ, ಸುಸ್ತಾಗಿರಬೇಕು, ನಮ್ಮ ಬಿಸಿಲು ಬೇರೆ ಎಂದು ಹೊಟ್ಟೆಗೆ ಹಾಕಿಕೊಂಡೆ.

ಎರಡನೆಯ ಸೆಟ್ಟಿನಲ್ಲಿ ಹಾಲ್ಸ್ಟ್ ಆರು, ಮೆರ್ಗೆನ್ ಐದು ಆಗಿದ್ದಾಗ ಮೆರ್ಗೆನ್ ನನ್ನ ಕಡೆ ಆಡುತ್ತಿದ್ದ. ಸರ್ವ್ ಎರಡು ಸಲವೂ ತಪ್ಪಿತು. ಅವನು ತಲೆ ತಗ್ಗಿಸಿ, ಹಲ್ಲು ಕಚ್ಚಿ, ನಮ್ಮ ಭಾಷೆಯಲ್ಲಿ ತನ್ನನ್ನು ತಾನೇ ಬೈದುಕೊಂಡ. ಕೊಳಕು ಮಾತೇ, ಇಲ್ಲವೆನ್ನುವುದಿಲ್ಲ. ಆದರೆ ಬೈಸಿಕೊಂಡವನೂ ಅವನೇ. ನನ್ನೊಬ್ಬಳ ಹೊರತು ಯಾರಿಗೂ ಕೇಳಿಸಿರಲಿಲ್ಲ. ನಾನು ಕೈಯೆತ್ತಿದೆ. ಅಷ್ಟು ಉದ್ದದ ಅಂಗಳವನ್ನು ಬೆನ್ನು ನೆಟ್ಟಗೆ ಮಾಡಿಕೊಂಡು ದಾಟಿ ಹೋಗಿ ಓತಾಬೆಕ್ಕನ ಕುರ್ಚಿಯ ಬುಡದಲ್ಲಿ ನಿಂತು ವರದಿ ಒಪ್ಪಿಸಿದೆ. ಎರಡನೆಯ ತಪ್ಪು, ಒಂದು ಪಾಯಿಂಟ್ ಕಡಿತ. ಆ ಗೇಮ್ ಹೋಯಿತು, ಅದರ ಜೊತೆಗೇ ಸೆಟ್ಟೂ ಹೋಯಿತು. ನಮ್ಮ ಶಾಲೆಯ ಹುಡುಗನೆಂದು ಪಕ್ಷಪಾತ ಮಾಡಿದಳು ಎಂದು ಯಾರೂ ಬೆರಳು ತೋರಿಸಬಾರದಲ್ಲ, ಅದಕ್ಕೆ. ವಾಪಸು ಬಂದು ನಿಂತಾಗ ನನ್ನ ಬಗ್ಗೆ ನನಗೇ ಎಷ್ಟು ಗೌರವ ಬಂದಿತ್ತೆಂದರೆ ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಮೂರನೆಯ ಸೆಟ್. ಹಾಲ್ಸ್ಟ್ ಐದು, ಮೆರ್ಗೆನ್ ನಾಲ್ಕು. ಮೆರ್ಗೆನ್ನನದೇ ಸರ್ವ್. ನಲವತ್ತು-ಹದಿನೈದು, ಇನ್ನೊಂದು ಪಾಯಿಂಟ್ ಗೆದ್ದರೆ ಐದು-ಐದು. ಹಾಲ್ಸ್ಟ್ ನನ್ನ ಕಡೆ ಇದ್ದ, ಕಾಲು ಸೋತಿತ್ತು, ಮಂಡಿ ಹಿಡಿದುಕೊಳ್ಳುತ್ತಿದ್ದ. ಪಂದ್ಯ ಯಾವ ಕಡೆ ವಾಲುತ್ತಿದೆ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಹಿಂದಿನ ಪಾಯಿಂಟ್ ಕಳೆದುಕೊಂಡ ಸಿಟ್ಟಿಗೆ ಅವನು ಕಾಲ ಬಳಿ ನಿಂತಿದ್ದ ಚೆಂಡನ್ನು ಎತ್ತಿ, ನೋಡದೆ, ಮೈಯ ಬಲವನ್ನೆಲ್ಲ ಹಾಕಿ ರ‍್ಯಾಕೆಟ್ಟಿನಿಂದ ಹಿಂದಕ್ಕೆ ಬೀಸಿದ. ಅದು ಬಂದು ನನ್ನ ಬಾಯಿಗೆ ಬಡಿಯಿತು.

ಟೋಪಿ ಹಾರಿತು. ನಾನು ಮಂಡಿಯೂರಿ ಕೂತೆ. ನಾಲಿಗೆಗೆ ಉಪ್ಪುಪ್ಪು ರಕ್ತ ತಾಗಿತು. ಇಡೀ ಗ್ಯಾಲರಿ ಎದ್ದು ನಿಂತಿತು. ಏಕೆಂದರೆ ನಿಯಮ ಎಲ್ಲರಿಗೂ ಗೊತ್ತು. ಸಿಟ್ಟಿನಿಂದ ಹೊಡೆದ ಚೆಂಡು ಅಂಪೈರಿಗೆ ತಗುಲಿ ಪೆಟ್ಟಾದರೆ ಎಚ್ಚರಿಕೆಯ ಮಾತೇ ಇಲ್ಲ, ಆಟಗಾರ ನೇರ ಹೊರಗೆ. ಪಂದ್ಯ ಎದುರಾಳಿಗೆ. ಅಂದರೆ ಮೆರ್ಗೆನ್ ಫೈನಲ್ಲಿಗೆ, ಮೆರ್ಗೆನ್ ಪ್ಯಾರಿಸ್ಸಿಗೆ.

ಹಾಲ್ಸ್ಟ್ ಓಡಿ ಬಂದ. ಎದೆಯ ಮೇಲೆ ಕೈಯಿಟ್ಟು, ಬಗ್ಗಿ, ಕ್ಷಮಿಸಿ ಎಂದ. ಹಾಗೆ ಎದೆಯ ಮೇಲೆ ಕೈಯಿಡುವುದನ್ನು ಅವನಿಗೆ ಕಲಿಸಿಕೊಟ್ಟವರು ನಾವೇ. ಆಗ ನಾನು ಏನು ಮಾಡಿದೆ ಗೊತ್ತೇ? ನಕ್ಕೆ. ಹಲ್ಲಿಗೆ ರಕ್ತ ಮೆತ್ತಿಕೊಂಡು ನಕ್ಕು, ಏನಿಲ್ಲ, ಏನೂ ಆಗಿಲ್ಲ ಎಂದೆ. ನಾನೇ ಅಡ್ಡ ನಿಂತಿದ್ದೆ ಎಂದೂ ಸೇರಿಸಿದೆ. ಮೂವತ್ತು ವರ್ಷದಿಂದ ನನ್ನ ಮನೆಗೆ ಬಂದ ಅತಿಥಿಗಳು ಚಹಾದ ಬಟ್ಟಲು ಒಡೆದಾಗ, ಜಮಖಾನದ ಮೇಲೆ ಸಾರು ಚೆಲ್ಲಿದಾಗ, ಅವರ ಮಕ್ಕಳು ನನ್ನ ಕನ್ನಡಿ ಒಡೆದಾಗ ನನ್ನ ಬಾಯಿಂದ ಬಂದಿರುವುದು ಇದೊಂದೇ ಮಾತು. ಅತ್ತೆ ಹೇಳುತ್ತಿದ್ದರು, ನನ್ನ ತಾಯಿ ಹೇಳುತ್ತಿದ್ದರು, ನಾನೂ ಹೇಳಿದೆ. ನಾಲಿಗೆಗೆ ಅಭ್ಯಾಸ, ತಲೆಯನ್ನು ಕೇಳುವ ಗೋಜಿಗೆ ಅದು ಹೋಗುವುದೇ ಇಲ್ಲ.

ಅಷ್ಟರಲ್ಲಿ ಟೂರ್ನಿಯ ಸೂಪರ್‌ವೈಸರ್ ಸಪಾರ್ಬೆಕ್ ಆಗಾ ಇಳಿದು ಬಂದರು. ಆಗಾ ಎಂದರೆ ನಮ್ಮಲ್ಲಿ ಹಿರಿಯಣ್ಣ. ಅಲ್ಮಾಟಿಯವರು, ದೊಡ್ಡ ಮನುಷ್ಯರು, ಇಂಥದ್ದರಲ್ಲೆಲ್ಲ ಕೊನೆಯ ಮಾತು ಅವರದೇ. ಕೈಯಲ್ಲಿ ಪುಟ್ಟ ಪುಸ್ತಕ, ಪೆನ್ನಿನ ಮುಚ್ಚಳ ಆಗಲೇ ತೆಗೆದಿತ್ತು.

"ಕುಲಾಶ್, ಪೆಟ್ಟಾಯ್ತಾ?" ಎಂದು ಕೇಳಿದರು.

"ಆಯ್ತು ಆಗಾ. ಹಲ್ಲು ಅಲ್ಲಾಡ್ತಿದೆ."

"ಮತ್ತೆ ಅವರ ಹತ್ರ ಏನೂ ಆಗಿಲ್ಲ ಅಂದ್ರಂತೆ?"

"ಅದು ಸುಮ್ನೆ ಬಾಯಿಂದ ಬಂದ ಮಾತು."

"ಬಾಯಿಂದ ಬಂದಿದ್ದನ್ನೇ ಬರೆದುಕೊಳ್ಳೋದಮ್ಮಾ. ಮನಸ್ಸಲ್ಲಿದ್ದಿದ್ದನ್ನ ಬರೆಯೋಕೆ ಇದರಲ್ಲಿ ಜಾಗ ಎಲ್ಲಿದೆ?"

ರಕ್ತ ತೋರಿಸಿದೆ. ಮಂಜುಗಡ್ಡೆ ತರಿಸುತ್ತೇನೆ ಎಂದರು. ಆಮೇಲೆ ದನಿ ತಗ್ಗಿಸಿ, ನಾಳೆ ಫೈನಲ್ಲಿಗೆ ನಗರದ ಮುಖ್ಯಾಧಿಕಾರಿ ಆಕಿಮರೇ ಬರುತ್ತಾರೆ, ಅತಿಥಿಯನ್ನು ಅರ್ಧ ಊಟದಲ್ಲಿ ಎಬ್ಬಿಸಿ ಕಳಿಸಿದ ಹಾಗಾಗಬಾರದು, ನಿಮಗೆ ನಾನು ಹೇಳಿಕೊಡಬೇಕೇ ಎಂದರು. ಹೇಳಿಕೊಡಬೇಕಾಗಿರಲಿಲ್ಲ. ಅವರು ಬರುವ ಮೊದಲೇ ನಾನು ಆ ಕೆಲಸ ಮುಗಿಸಿ ಕೂತಿದ್ದೆ.

ತೀರ್ಪು ಬಂತು. ಉದ್ದೇಶವಿರಲಿಲ್ಲ, ಲೈನ್ ಅಂಪೈರಿನ ದೂರೂ ಇಲ್ಲ, ಆದ್ದರಿಂದ ಹಾಲ್ಸ್ಟ್ ಅವರಿಗೆ ಎಚ್ಚರಿಕೆ. ಆ ದಿನ ಅವನಿಗೆ ಸಿಕ್ಕ ಮೊದಲ ಎಚ್ಚರಿಕೆ ಅದು. ಅವನ ಲೆಕ್ಕದಲ್ಲಿ ಎರಡು ರ‍್ಯಾಕೆಟ್, ಒಂದು ಬೈಗುಳ, ಒಂದು ಬಾಯಿ ಎಲ್ಲ ಸೇರಿ ಒಂದಾಯಿತು.

ಮೆರ್ಗೆನ್ ಬಲೆಯ ಹತ್ತಿರ ಬಂದ. ಕೂಗಲಿಲ್ಲ. ಅವರ ಬಾಯಲ್ಲಿ ರಕ್ತ ಕಾಣಿಸುತ್ತಿಲ್ಲವೇ ಎಂದು ಓತಾಬೆಕ್ಕನನ್ನು ಕೇಳಿದ. ಆಟ ಮುಂದುವರಿಸಿ ಎಂದು ಓತಾಬೆಕ್ ಹೇಳಿದ. ಮೆರ್ಗೆನ್ ಅಲ್ಲಾಡಲಿಲ್ಲ. ಇಬ್ಬರಿಗೂ ಒಂದೇ ಪುಸ್ತಕ ತಾನೇ, ಒಂದು ಸಲ ತೆಗೆದು ಓದಿ ಎಂದ. ಮೈಕಿನಲ್ಲಿ ಓತಾಬೆಕ್ಕನ ದನಿ ಕೇಳಿತು, ಅಂಪೈರಿಗೆ ಅಗೌರವ, ಮೂರನೆಯ ತಪ್ಪು, ಒಂದು ಗೇಮ್ ಕಡಿತ. ಐದು-ನಾಲ್ಕು ಇದ್ದದ್ದು ಆರು-ನಾಲ್ಕಾಯಿತು. ಚೆಂಡೇ ಆಡದೆ ಪಂದ್ಯ ಮುಗಿಯಿತು. ಹಾಲ್ಸ್ಟ್‌ಗೂ ಮೊದಲು ಅರ್ಥವಾಗಲಿಲ್ಲ, ಸರ್ವ್ ಎದುರಿಸಲು ಬಗ್ಗಿ ನಿಂತೇ ಇದ್ದ.

ಆಮೇಲೆ ಸಪಾರ್ಬೆಕ್ ಆಗಾ ನನ್ನನ್ನು ಕೋಣೆಗೆ ಕರೆಸಿದರು. ಹಾಲು ಹಾಕಿದ ಚಹಾ ತಾವೇ ಬಗ್ಗಿಸಿಕೊಟ್ಟರು. ಇಂಥ ಸಂಯಮ ಈ ಕಾಲದಲ್ಲಿ ಕಾಣಸಿಗುವುದಿಲ್ಲ ಎಂದು ಹೊಗಳಿದರು. ನಾಳೆಯ ಫೈನಲ್ಲಿಗೂ ನೀವೇ ನಿಲ್ಲಬೇಕು, ಟಿವಿಯಲ್ಲಿ ದೇಶವೆಲ್ಲ ನೋಡುತ್ತದೆ ಎಂದರು. ಹತ್ತೊಂಬತ್ತು ವರ್ಷದಲ್ಲಿ ನನಗೆ ಒಂದು ಫೈನಲ್ಲೂ ಕೊಟ್ಟಿರಲಿಲ್ಲ. ಸುಳ್ಳೇಕೆ ಹೇಳಲಿ, ಹಿಗ್ಗಿದೆ. ಯಾವ ಅಂಗಿ ಇಸ್ತ್ರಿ ಮಾಡಿಕೊಳ್ಳಬೇಕು ಎಂದು ಯೋಚಿಸುತ್ತಲೇ ಮೆಟ್ಟಿಲು ಇಳಿದೆ.

ಕೆಳಗೆ ಪಾಪ್ಲರ್ ಮರದ ನೆರಳಿನಲ್ಲಿ ಮೆರ್ಗೆನ್ ಬ್ಯಾಗಿನ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ತನ್ನ ಭುಜಕ್ಕೆ ಒತ್ತಿಕೊಂಡಿದ್ದ ಮಂಜುಗಡ್ಡೆಯ ಚೀಲವನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ಮೇಲಿನವರು ತರಿಸುತ್ತೇನೆ ಎಂದದ್ದು ಇನ್ನೂ ಬಂದಿರಲಿಲ್ಲ.

"ತುಂಬಾ ನೋಯ್ತಿದೆಯಾ ಆಪಾ?" ಎಂದ. ಶಾಲೆಯ ದಿನಗಳಿಂದಲೂ ನಾನು ಅವನಿಗೆ ಆಪಾ, ಅಕ್ಕ.

"ಹೂಂ. ಗಂಜಿ ಕುಡಿದು ಮಲಗಬೇಕಷ್ಟೇ."

ನಾನು ಮಾತು ಶುರುಮಾಡಿದೆ. ಅವನು ಅತಿಥಿ, ಓಡಿ ಬಂದು ಬಗ್ಗಿ ನಿಂತುಬಿಟ್ಟ, ನನ್ನ ಬಾಯಿಗೆ ಬೇರೆ ಮಾತೇ ಬರಲಿಲ್ಲ, ನಿನ್ನ ಕೆಲಸಕ್ಕೆ ಅದು ಅಡ್ಡ ಬರುತ್ತದೆಂದು ಹೊಳೆಯಲೇ ಇಲ್ಲ ಎಂದೆಲ್ಲ ಹೇಳಿದೆ. ಊದಿದ ತುಟಿಯಲ್ಲಿ ಅರ್ಧ ಅಕ್ಷರ ಹೊರಟವು, ಅರ್ಧ ಒಳಗೇ ಉಳಿದವು. ಅವನು ಪೂರ್ತಿ ಕೇಳಿಸಿಕೊಂಡ. ಶಾಲೆಯಲ್ಲಿ ಒಂದು ದಿನವೂ ಇಷ್ಟು ವಿಧೇಯನಾಗಿ ನಿಂತವನಲ್ಲ ಅವನು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದ. "ಆ ಚೆಂಡು ನಾನು ಹೊಡೆದಿದ್ರೆ ಏನಂತಿದ್ರಿ?"

ಅವನ ಮುಖ ನೋಡಲಾಗಲಿಲ್ಲ. ಸುಳ್ಳು ಹೇಳಲು ಮನಸ್ಸಾಯಿತು, ಆದರೆ ಅದಕ್ಕೂ ಬಾಯಿ ಬೇಕಲ್ಲ. ಅವನು ಹೊಡೆದಿದ್ದರೆ ನಾನು ನೆಲದ ಮೇಲೆ ಉರುಳಿ ಊರಿಗೆಲ್ಲ ಕೇಳುವಂತೆ ಅರಚುತ್ತಿದ್ದೆ. ಅವನ ತಾಯಿಯನ್ನು ಕರೆಸುತ್ತಿದ್ದೆ. ಸಪಾರ್ಬೆಕ್ ಆಗಾರ ಪೆನ್ನು ನಾನೇ ಹಿಡಿದು ಬರೆಸುತ್ತಿದ್ದೆ. ಅದೂ ನ್ಯಾಯವಂತಳೆಂದು ಬೀಗುತ್ತ. ಇಡೀ ದಿನ ಓತಾಬೆಕ್ಕನ ಕಣ್ಣನ್ನು ಆಡಿಕೊಂಡ ನನಗೆ ನಾಚಿಕೆಯಾಯಿತು.

"ಬಿಡ್ತಿರಲಿಲ್ಲ ಕಣೋ ನಿನ್ನ," ಎಂದೆ.

"ಗೊತ್ತು ಆಪಾ. ನಾನು ಮನೆಯವನಲ್ವಾ," ಎಂದ.

ವ್ಯಂಗ್ಯಕ್ಕೆ ಹೇಳಿದ್ದರೆ ತಿರುಗಿಸಿ ಎರಡು ಮಾತು ಹೇಳಬಹುದಿತ್ತು. ಅವನು ನಿಜವಾಗಿಯೂ ನನ್ನನ್ನು ಸಮಾಧಾನ ಮಾಡುತ್ತಿದ್ದ. ಆಮೇಲೆ ಬ್ಯಾಗು ಹೆಗಲಿಗೇರಿಸಿ, ಬಿಷ್ಕೆಕ್ಕಿನ ಬಸ್ಸು ನಾಲ್ಕಕ್ಕೆ ಹೊರಡುತ್ತದೆ ಎಂದು ಹೇಳಿ, ಗೇಟಿನ ಕಡೆ ನಡೆದ. ನಾನು ಅವನ ಟವೆಲನ್ನು ಊದಿದ ತುಟಿಗೆ ಒತ್ತಿಕೊಂಡೆ.