ಸುಧಾಮಣಿಯವರ ಖಳಪಾತ್ರ

ಸುಧಾಮಣಿಯವರು ಬಣ್ಣ ಹಚ್ಚಿದಷ್ಟು ಕಾಲವೂ ಅತ್ತಿದ್ದೇ ಹೆಚ್ಚು. ಮಗ ಬಿಟ್ಟುಹೋದ ತಾಯಿ, ಅಳಿಯನ ಕಾಲು ಹಿಡಿಯುವ ಅತ್ತೆ, ಪಾತ್ರ ಯಾವುದಾದರೇನು, ಸೆರಗಿನ ತುದಿ ಕಣ್ಣಿಗೆ ಹೋಗಲೇಬೇಕು. ಪದ್ಮನಾಭನಗರದ ತರಕಾರಿ ಅಂಗಡಿಯಲ್ಲಿ ಈಗಲೂ ಹೆಂಗಸರು ಅವರ ಕೈ ಹಿಡಿದು, "ಎಷ್ಟು ಕಷ್ಟಪಟ್ರಮ್ಮ ನೀವು" ಎಂದು ಮರುಗುತ್ತಿದ್ದರು.

ಒಂದೇ ಒಂದು ಸಲ ಅವರು ಕೊಲೆ ಮಾಡಿದ್ದರು. ಟಿವಿಯಲ್ಲಿ ವಾರಕ್ಕೊಂದು ಕೇಸು ಬಿಡಿಸುವ ಪತ್ತೇದಾರಿ ಧಾರಾವಾಹಿ ಬರುತ್ತಿದ್ದ ಕಾಲವದು. ವಾರವಾರವೂ ಒಬ್ಬೊಬ್ಬ ಅತಿಥಿ ಕಲಾವಿದರು. "ನಿಮ್ ಮೇಲೆ ಯಾರಿಗೂ ಅನುಮಾನ ಬರಲ್ಲಮ್ಮ, ಅದಕ್ಕೇ ನೀವೇ ಬೇಕು" ಎಂದು ನಿರ್ದೇಶಕ ರಾಮಪ್ರಸಾದ ಮನೆಗೇ ಬಂದು ಒಪ್ಪಿಸಿದ್ದ. ತಮ್ಮನ ಪಾಯಸಕ್ಕೆ ವಿಷ ಬೆರೆಸುವ ಅಕ್ಕನ ಪಾತ್ರ. ಪ್ರಸಾರವಾದ ಮರುದಿನ ಅತ್ತೆ ರುದ್ರಮ್ಮ, "ಇವತ್ತು ಅಡುಗೆ ನಾನೇ ಮಾಡ್ತೀನಿ, ನೀನು ಕೂತ್ಕೋ" ಎಂದಿದ್ದರು. ಸುಧಾಮಣಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಮತ್ತೆ ಸಿಗಲಿಲ್ಲ. ಮುಂದಿನ ವಾರದಿಂದ ಯಥಾಪ್ರಕಾರ ಅಳು.

ಮೊನ್ನೆ ಮಹಡಿಮನೆಯಲ್ಲಿ ಬಾಡಿಗೆಗಿರುವ ದಿವ್ಯ ಆ ಕಂತನ್ನು ಯೂಟ್ಯೂಬಿನಲ್ಲಿ ಕಂಡು, ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಳು. "ಆಂಟೀ, ಆ ನಗು ಇದ್ಯಲ್ಲ, ಸಖತ್ ಭಯ ಆಯ್ತು!" ಎಂದು ಕುಣಿದಳು. ದಿನಾ ಇವರ ಗೇಟಿಗೆ ಅಡ್ಡ ಸ್ಕೂಟರ್ ನಿಲ್ಲಿಸುತ್ತಿದ್ದ ಎದುರುಮನೆ ಸೋಮಲಿಂಗಪ್ಪ, ಯಾರೂ ಹೇಳದೆಯೇ ಅದನ್ನು ಆಚೆ ಸರಿಸಿಕೊಂಡರು.

ಅದೇ ವಾರ ಜೆ.ಪಿ. ನಗರದಿಂದ ನರೇಂದ್ರ ಎಂಬ ಹುಡುಗ ನಿರ್ದೇಶಕ ಬಂದ. ವೆಬ್ ಸೀರೀಸ್ ಮಾಡುತ್ತಿದ್ದ.

"ನಾಯಕನ ಅಜ್ಜಿ ಪಾತ್ರ ಇದೆ ಅಮ್ಮ. ಮೊದಲನೇ ಕಂತಲ್ಲೇ ಅಳ್ತಾ ಇರ್ತಾರೆ."

"ಅಳೋದು ಸಾಕಪ್ಪ. ಬೇರೆ ಏನಿದೆ?"

"ಬೇರೆ ಅಂದ್ರೆ... ಗೊಟ್ಟಿಗೆರೆ ಕಡೆ ಜಮೀನು ನುಂಗೋ ಒಬ್ಬ ಡಾನ್ ಇದಾನೆ. ಅದು ಗಂಡಸು ಪಾತ್ರ."

"ಜಮೀನು ನುಂಗಕ್ಕೆ ಮೀಸೆ ಬೇಕಾ?"

ನರೇಂದ್ರ ನಕ್ಕ. ಆದರೆ ಹೊಸಿಲು ದಾಟುವ ಹೊತ್ತಿಗೆ ಯೋಚನೆಗೆ ಬಿದ್ದಿದ್ದ. ಎರಡು ದಿನ ಬಿಟ್ಟು ಫೋನ್ ಮಾಡಿ, "ಡಾನು ನೀವೇ ಅಮ್ಮ" ಎಂದ.

ಗೊಟ್ಟಿಗೆರೆಯ ಹಳೇ ಹೆಂಚಿನ ಮನೆಯೊಂದರ ಅಂಗಳದಲ್ಲಿ ಚಿತ್ರೀಕರಣ. ನಾಯಕನಾಗಿದ್ದ ದಿನೇಶನಿಗೆ ಸುಧಾಮಣಿ ಬೆದರಿಕೆ ಹಾಕಬೇಕು. ಊರ ಹೆಂಗಸರೆಲ್ಲ ಬಂದು ನಿಂತಿದ್ದರು. "ಜಾಗ ಬಿಟ್ಟು ಹೋಗ್ತೀಯೋ, ಇಲ್ಲ..." ಎನ್ನುವಷ್ಟರಲ್ಲಿ ಅವರ ಕಣ್ಣು ತುಂಬಿ, ಗಲ್ಲದ ಮೇಲೆ ನೀರು ಇಳಿಯಿತು. ಮತ್ತೆ ತೆಗೆದರು. ಮತ್ತೆ ಅದೇ. ದನಿ ಏರಿದರೆ ಸಾಕು, ಇಷ್ಟು ವರ್ಷದ ಅಭ್ಯಾಸ, ಕಣ್ಣು ತಾನಾಗಿ ಒಸರುತ್ತಿತ್ತು.

"ಅಯ್ಯೋ ಪಾಪ, ಯಾಕವ್ವ ಆಯಮ್ಮನ್ನ ಗೋಳು ಹುಯ್ಕೊಳ್ತಾರೆ?" ಎಂದಳು ಗುಂಪಿನಲ್ಲಿದ್ದ ಮರಿಯಮ್ಮ.

ಆ "ಪಾಪ" ಸುಧಾಮಣಿಯವರಿಗೆ ಚುರುಕ್ಕೆಂದಿತು. ನರೇಂದ್ರನ ಮುಖ ಬಾಡಿದ್ದನ್ನೂ ಕಂಡರು. "ಇನ್ನೊಂದ್ಸಲ ತೆಗಿಯಪ್ಪ, ನಾನು ನೋಡ್ಕೋತೀನಿ" ಎಂದರು.

ಈ ಬಾರಿ ಅವರು ಕಣ್ಣೀರನ್ನು ತಡೆಯಲೇ ಇಲ್ಲ. ದನಿಯನ್ನೂ ಏರಿಸಲಿಲ್ಲ. ಧಾರಾಕಾರ ನೀರು ಸುರಿಸುತ್ತಲೇ ದಿನೇಶನ ಕೆನ್ನೆ ಸವರಿ, "ಚಿಕ್ಕ ವಯಸ್ಸು ಕಂದಾ. ನಿಮ್ಮಮ್ಮನ್ನ ನೆನೆಸ್ಕೊಂಡ್ರೆ ಈಗ್ಲೇ ಕರುಳು ಕಿತ್ತು ಬರುತ್ತೆ" ಎಂದು ಮೆಲ್ಲಗೆ ನಕ್ಕರು.

ದಿನೇಶ ಸಂಭಾಷಣೆ ಮರೆತ. ಎರಡು ಹೆಜ್ಜೆ ಹಿಂದೆ ಸರಿದವನು ತುಳಸಿಕಟ್ಟೆ ತಾಗಿ ಕುಕ್ಕರಿಸಿದ. ಕಟ್ ಹೇಳಬೇಕಾದ ನರೇಂದ್ರ ಬಾಯಿ ತೆರೆದುಕೊಂಡು ನಿಂತಿದ್ದ.

ಗುಂಪಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಊಟದ ಬಿಡುವಿನಲ್ಲಿ ಸುಧಾಮಣಿ ಕೈ ಬೀಸಿ ಮರಿಯಮ್ಮನನ್ನು ಪಕ್ಕಕ್ಕೆ ಕರೆದರು. ಅವಳು ಬಂದಳು, ಆದರೆ ಒಂದು ಕುರ್ಚಿ ಬಿಟ್ಟು ಕೂತಳು. ಸುಧಾಮಣಿಯವರಿಗೆ ಖುಷಿಯೋ ಖುಷಿ.