ಹನ್ನೊಂದಕ್ಕೆ ಮೂವತ್ತೈದು

ಮಾರ್ಚ್ ಹನ್ನೊಂದು, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ, ಸೈಡ್‌ಕಾರಿನ ತಗಡು ಮಂಡಿಗೆ ತಣ್ಣಗೆ ತಾಗುತ್ತಿದೆ, ಬೈಕ್ ಓಡಿಸುತ್ತಿರುವ ತಂಗಿಯ ಬೆನ್ನು ಬಿಗಿದಿದೆ, ಏರು ಇನ್ನೂ ಶುರುವಾಗಿಲ್ಲ — ಆಮ್ಲಜನಕದ ಸಿಲಿಂಡರ್ ಇಡುವ ಜಾಗದಲ್ಲಿ ಇವತ್ತು ನಾನು, ಅಕ್ಕ, ಸಿಲಿಂಡರಿಗಿಂತ ನೀನೇ ಭಾರ ಕಣೇ, ಅನ್ನುತ್ತಾಳೆ ತಂಗಿ, ಇರಲಿ, ಪರೀಕ್ಷೆ ಅಂದಮೇಲೆ ಭಾರ ಒಂದು ತೂಕ ಹೆಚ್ಚೇ ಇರಬೇಕು. ಗುಡ್ಡದ ಮೇಲಿನ ಮನೆಗಳಿಗೆಲ್ಲ ಅವಳೇ ನರ್ಸ್, ಹೋದ ತಿಂಗಳು ಕಡೆಯ ತಿರುವಿನಲ್ಲಿ ಎಂಜಿನ್ ಉಸಿರುಗಟ್ಟಿ ನಿಂತಿತು, ಇನ್ನೊಂದ್ಸಲ ಹೀಗಾದ್ರೆ ಮೇಲಿನ ಮನೆಗಳನ್ನ ಕಾರಿರೋರಿಗೆ ಕೊಡ್ತೀನಮ್ಮ ಅಂದರು ಡಾಕ್ಟರು, ಅವಳು ಅನ್ನದ ತಟ್ಟೆ ಮುಂದಿಟ್ಟುಕೊಂಡು ಗೋಡೆ ನೋಡುತ್ತ ಕೂತಳು. ಗ್ಯಾರೇಜ್ ಇಟ್ಟಿರುವ ಭಾವನದು ಒಂದೇ ಮಾತು, ಹಿಂದಿನ ಚಕ್ರಕ್ಕೆ ದೊಡ್ಡ ಸ್ಪ್ರಾಕೆಟ್, ಅದೇ ಚೈನಿನ ಹಲ್ಲುಚಕ್ರ, ಹಾಕಿದ್ರೆ ಮುಗೀತು, ಇದಕ್ಯಾಕೆ ಇಷ್ಟು ತಲೆ. ಹಾಕಿದರು, ಏರಿತು ಕೂಡ, ಆದರೆ ಸಪಾಟು ರಸ್ತೆಯಲ್ಲಿ ಎಂಜಿನ್ ಕಿರುಚಿಕೊಂಡಿತು, ಹಿಂದಿನ ಚಕ್ರದಲ್ಲಿ ಬದಲಿಸಿದರೆ ನಾಲ್ಕೂ ಗೇರುಗಳ ವೇಗ ಒಟ್ಟಿಗೆ ಕುಗ್ಗುತ್ತದೆ, ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಹಳೆಯದನ್ನೇ ಮತ್ತೆ ಹಾಕಿಸಿದೆ. ನನಗೆ ಬೇಕಾದದ್ದು ಮೊದಲ ಗೇರು ಒಂದೇ — ಅದರಲ್ಲಿ ಹನ್ನೆರಡು ಹಲ್ಲಿನ ಚಕ್ರ ಮೂವತ್ತನಾಲ್ಕರದನ್ನು ತಿರುಗಿಸುತ್ತಿತ್ತು, ಕೂಡಿದರೆ ನಲವತ್ತಾರು, ಅವು ಕೂತಿರುವ ಎರಡು ಶಾಫ್ಟುಗಳ ನಡುವಿನ ಅಂತರ ಅಲುಗುವುದಿಲ್ಲ, ಹಾಗಾಗಿ ಮೊತ್ತವೂ ಅಲುಗಕೂಡದು, ಹನ್ನೊಂದು, ಮೂವತ್ತೈದು. ಹಲ್ಲೆಣಿಸ್ತಾ ಕೂತಿದೀಯಲ್ಲ, ದಂತವೈದ್ಯೆ ಆಗ್ಬೇಕಿತ್ತು ನೀನು. ಭಾವ, ನಿಮ್ಮ ಬಾಯಲ್ಲಿ ಎಣಿಸೋಕೆ ಉಳಿದಿರೋದಾದ್ರೂ ಎಷ್ಟು, ಅಂದೆ, ನಕ್ಕರು, ನಕ್ಕು ಗೇರ್‌ಬಾಕ್ಸ್ ಬಿಚ್ಚಿಕೊಟ್ಟರು. ಹೊಸ ಜೋಡಿ ಕೂತಿತು, ಹಲ್ಲುಗಳ ಅನುಪಾತ ಎರಡು ಪಾಯಿಂಟ್ ಎಂಟು ಮೂರು ಇದ್ದದ್ದು ಮೂರು ಪಾಯಿಂಟ್ ಒಂದು ಎಂಟು, ಚಕ್ರಕ್ಕೆ ಹೆಚ್ಚುಕಡಿಮೆ ಎಂಟನೇ ಒಂದು ಪಾಲು ಹೆಚ್ಚಿನ ಬಲ, ಅದಕ್ಕೆ ತಕ್ಕಷ್ಟು ವೇಗ ಖೋತಾ, ಪುಕ್ಕಟೆ ಸಿಗುವುದು ಯಾವುದೂ ಇಲ್ಲ, ನಾನು ಲೆಕ್ಕ ಹಾಕಿದ್ದು, ನನ್ನ ಹನ್ನೊಂದು, ನನ್ನ ಮೂವತ್ತೈದು — ಏರು ಬಂತು, ನನ್ನ ಬೆನ್ನು ಹಿಂದಕ್ಕೆ ಒರಗುತ್ತದೆ, ಅದೇ ಕಡೆಯ ತಿರುವು, ಅವಳ ಪಾದ ಗೇರಿನ ಕಡೆ ಹೊರಳುತ್ತಿದೆ, ಬೇಡ, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವಿನ ಹಳ್ಳ ಈಗ ಅಗಲವಾಗಿದೆ, ಈಗಲೇ ಹಾರಿದರೆ ಎಂಜಿನ್ ಅದರಲ್ಲೇ ಬೀಳುತ್ತದೆ, ಹಳೆಯ ಅಭ್ಯಾಸದ ಕಾಲು ಅದು, ನಾನು ತುಟಿ ಬಿಚ್ಚಿಲ್ಲ, ಗೊತ್ತು ಕಣೇ, ಸುಮ್ನೆ ಕೂತ್ಕೋ, ಅನ್ನುತ್ತಾಳೆ, ಪಾದ ಹಿಂದೆ ಸರಿಯುತ್ತದೆ, ಎಂಥ ತಂಗಿ, ಎಂಜಿನ್ ಒಂದೇ ದನಿಯಲ್ಲಿ ದುಡಿಯುತ್ತಿದೆ, ತಿರುವು ಹಿಂದಾಯಿತು, ಮೇಲೆ ಬಾಗಿಲಲ್ಲಿ ನಿಂತ ಮುದುಕಿ ಕೈ ಬೀಸುತ್ತಾಳೆ, ನಾನು ಕತ್ತು ಚಾಚಿ ಮೀಟರ್ ನೋಡುತ್ತೇನೆ, ಮುಳ್ಳು ಸಣ್ಣಗೆ ನಡುಗುತ್ತಿದೆ, ಮುದುಕಿಯ ಕೈ, ಮುಳ್ಳು, ಕೆಳಗಿಳಿಯದ ಮುಳ್ಳು, ಗಂಟೆಗೆ ಹನ್ನೆರಡು ಕಿಲೋಮೀಟರ್.